ಬಾಗಿಲ ಹಿಂದಿನ ಗುಮ್ಮ

ಅಕ್ಕಂದಿರೇ, ತಂಗಿಯರೇ, ಮೊದಲು ಒಂದು ಮಾತು ಕೇಳುತ್ತೇನೆ, ನಾಚಿಕೆ ಬಿಟ್ಟು ಹೇಳಿ. ಮಗು ತುಟಿ ಬಿಗಿಹಿಡಿದು ಕೂತಾಗ, ಕೈಯಲ್ಲಿರುವ ತುತ್ತು ಕೈಯಲ್ಲೇ ಆರಿ ಹೋದಾಗ, “ತಿನ್ನು, ಇಲ್ಲಾಂದ್ರೆ ಗುಮ್ಮನ್ನ ಕರೀತೀನಿ” ಎಂದು ಒಮ್ಮೆಯಾದರೂ ಹೆದರಿಸದವರು ಇಲ್ಲಿ ಯಾರಿದ್ದೀರಿ? ಕೈ ಎತ್ತಿ. ಯಾರೂ ಎತ್ತುವುದಿಲ್ಲ, ನನಗೆ ಗೊತ್ತು.

ನಮ್ಮ ಪಕ್ಕದ ಮನೆಯಲ್ಲೂ ದಿನಾ ಇದೇ ನಡೆಯುತ್ತಿತ್ತು. ಅಲ್ಲಿನ ಅಜ್ಜಿ ನನಗಿಂತ ನಾಲ್ಕಾರು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಅನ್ನುತ್ತಾಳೆ. ಮೊಮ್ಮಗಳು ಪುಟ್ಟಿ, ಇನ್ನೂ ಶಾಲೆಗೆ ಸೇರಿರದ ಕೂಸು. ಅವರದು ಒಂದರ ಹಿಂದೆ ಒಂದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಒಲೆ, ಹಾಸಿಗೆ, ಬೀದಿ ಬಾಗಿಲು. ಹಿಂದಿನ ಕೋಣೆಗೂ ನನ್ನ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಆ ಕೋಣೆಯ ಬಾಗಿಲಿಗೆ ಮುಂದಿನ ಕಡೆಯಿಂದ ಅಗುಳಿ ಹಾಕಿರುತ್ತಿತ್ತು, ಮಗುವಿನ ಕೈಗೆ ಎಟುಕದಷ್ಟು ಎತ್ತರದಲ್ಲಿ.

“ತಿಂತೀಯೋ, ಬಾಗಿಲು ತೆಗೀಲೋ?” ಎಂದು ಅಜ್ಜಿ ಎದ್ದು ನಿಂತರೆ ಸಾಕು, ಪುಟ್ಟಿ ಅಗಿಯದೆಯೇ ನುಂಗುತ್ತಿದ್ದಳು. ಒಮ್ಮೊಮ್ಮೆ ಬಾಗಿಲ ಹಿಂದಿನಿಂದ ಕೆಮ್ಮು ಕೇಳಿಸುತ್ತಿತ್ತು. ಆಗ ಅಜ್ಜಿ ಕಣ್ಣರಳಿಸಿ, “ನೋಡು, ಕೆಮ್ತು. ನಿನ್ನ ತಟ್ಟೆ ಖಾಲಿ ಆಗಿಲ್ಲ ಅಂತ ಅದಕ್ಕೆ ಗೊತ್ತಾಗೋಯ್ತು” ಅನ್ನುತ್ತಿದ್ದಳು.

ನಾವು ಮಕ್ಕಳಿಗೆ ಹೇಳುವ ಗುಮ್ಮ ಸುಳ್ಳು. ಆ ಮನೆಯಲ್ಲಿ ಮಾತ್ರ ಬಾಗಿಲ ಹಿಂದೆ ನಿಜವಾಗಿಯೂ ಒಂದು ಜೀವ ಇತ್ತು. ಅದು ಪುಟ್ಟಿಯ ತಾಯಿ.

ಅವಳು ಮೇಣದ ಬತ್ತಿ ಮಾಡುವ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ಅವಳೇ ಹಿರಿಯಳು. ಎಲ್ಲರಿಗೂ ಮೇಣದಕ್ಕ. ಹೊಸದಾಗಿ ಬಂದವರಿಗೆ ಅವಳು ಮೊದಲು ಕಲಿಸುತ್ತಿದ್ದ ಪಾಠ ಒಂದೇ: ಕಾದ ಮೇಣದ ಹತ್ತಿರ ನೀರು ಸುಳಿಯಬಾರದು. ಒಂದು ಹನಿ ಬಿದ್ದರೂ ಅದು ಒಳಗೇ ಆವಿಯಾಗಿ ಸಿಡಿದು ಮೇಣವನ್ನೆಲ್ಲ ಮೇಲಕ್ಕೆ ಎರಚುತ್ತದೆ. ಕುಡಿಯುವ ನೀರಿನ ಬಾಟಲಿಯನ್ನೂ ಅವಳು ಹೊರಗೇ ಇಡಿಸುತ್ತಿದ್ದಳು. ಕೈ ತೊಳೆದು ಬಂದವರ ಬೆರಳ ಸಂದುಗಳನ್ನೂ ನೋಡುತ್ತಿದ್ದಳು. “ನಮ್ಮ ಮೇಣದಕ್ಕಂಗೆ ಮಳೆಗಾಲ ಅಂದ್ರೇನೇ ಆಗಲ್ಲ, ಮೋಡಕ್ಕೂ ಟವಲ್ಲು ಕೊಡ್ತಾಳೆ” ಎಂದು ಹುಡುಗಿಯರು ನಗುತ್ತಿದ್ದರು. ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಕೈಯ ಮೇಲೆ ಮೇಣ ಸಿಡಿದರೆ ಯಾರೂ ಕೂಗಾಡುತ್ತಿರಲಿಲ್ಲ. ಗಟ್ಟಿಯಾಗಲು ಬಿಟ್ಟು, ಉಗುರಿನಿಂದ ಎಬ್ಬಿಸಿ ತೆಗೆದು, ಮತ್ತೆ ಪಾತ್ರೆಗೇ ಹಾಕುತ್ತಿದ್ದರು.

ಒಂದು ದಿನ ಯಾರೋ ಸೌಟು ತೊಳೆದು ಮೊಳೆಗೆ ನೇತುಹಾಕಿದ್ದರು. ಹೊರಗೆಲ್ಲ ಒರೆಸಿದ್ದರು. ಸೌಟಿನ ಹಿಡಿ ಟೊಳ್ಳು, ಅದರೊಳಗೆ ನೀರು ನಿಂತಿದ್ದು ಯಾರಿಗೂ ಕಾಣಲಿಲ್ಲ. ಮೇಣದಕ್ಕ ಸೌಟನ್ನು ಪಾತ್ರೆಗೆ ಬಗ್ಗಿಸಿದಳು. ಮೇಣ ಎದ್ದು ಬಂದು ಅವಳ ಮುಖಕ್ಕೆ ಬಡಿಯಿತು.

ಒಬ್ಬ ಹುಡುಗಿ ಹೊರಗಿನಿಂದ ಕೊಡ ನೀರು ಹೊತ್ತು ಓಡಿ ಬಂದಳು. ಆದರೆ ಎಲ್ಲರೂ ಅವಳನ್ನು ತಡೆದರು. ಸುಟ್ಟ ಮುಖ ಹಿಡಿದುಕೊಂಡು ಮೇಣದಕ್ಕ ತಾನೇ ಕಿರುಚಿದಳಂತೆ: “ನೀರು ಬೇಡ್ರೇ! ನೀರು ತರಬೇಡಿ!” ಅಷ್ಟು ವರ್ಷ ಬಾಯಲ್ಲಿದ್ದ ಪಾಠ, ಆ ಹೊತ್ತಿಗೂ ಅದೇ ಬಂತು. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದರು. ಮೇಣ ಗಟ್ಟಿಯಾಗುವ ತನಕ ಕಾದರು. ಆಮೇಲೆ ಕೈಯ ಮೇಲಿನ ಹನಿಯನ್ನು ಎಬ್ಬಿಸುವ ಹಾಗೆಯೇ ಕೆನ್ನೆಯಿಂದ ಎಬ್ಬಿಸಿದರು. ಮೇಣದ ಜೊತೆ ಚರ್ಮವೂ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು, ಮುಖ ಪಕ್ಕಕ್ಕೆ ತಿರುಗಿದ್ದರಿಂದ ಕಣ್ಣು ಉಳಿಯಿತು ಎಂದರು. ಎಡಗೆನ್ನೆ, ತುಟಿಯ ಮೂಲೆ, ಗದ್ದ, ಕತ್ತು ಹೋಗಿತ್ತು. ಅವಳು ಅಲ್ಲಿ ಬಹಳ ಕಾಲ ಇದ್ದಳು. ಗಾಯ ಮಾಗಿ ಚರ್ಮ ಕೂಡಿಕೊಂಡ ಮೇಲೆ ಒಂದು ಬೆಳಗ್ಗೆ ಮನೆಗೆ ಬಂದಳು.

ಬಂದ ದಿನವೇ ಎದುರು ಮನೆಯ ಮಗು ಅವಳನ್ನು ಕಂಡು ಚೀರಿಕೊಂಡಿತು. ಸಂಜೆ ಅದಕ್ಕೆ ಮೈ ಬಿಸಿಯಾಯಿತು. ಅದರ ತಾಯಿ ಬೀದಿಯಲ್ಲಿ ನಿಂತು, “ಇಂಥ ಮುಖ ಇಟ್ಕೊಂಡು ಮಕ್ಕಳಿರೋ ಬೀದೀಲಿ ಓಡಾಡಬಾರ್ದು ಅನ್ನೋದು ಗೊತ್ತಾಗಲ್ವಾ? ಅದು ಅಂಟೋದೋ ಏನೋ ಯಾರಿಗೆ ಗೊತ್ತು?” ಎಂದು ಕೂಗಾಡಿದಳು. ಅತ್ತೆ, ಅಂದರೆ ಪುಟ್ಟಿಯ ಅಜ್ಜಿ, ಸೊಸೆಯನ್ನು ಹಿಂದಿನ ಕೋಣೆಗೆ ಎಳೆದುಕೊಂಡಳು. ಸೊಸೆಯೂ ಅವಳ ಕೈ ಹಿಡಿದು ಬೇಡಿದಳು: “ಅತ್ತೆ, ಪುಟ್ಟಿ ನನ್ನ ನೋಡಬಾರದು. ಅವಳೂ ಹಾಗೇ ಚೀರಿದ್ರೆ ನಾನು ಉಳಿಯಲ್ಲ.”

ಪುಟ್ಟಿ ಅಷ್ಟು ದಿನ ನನ್ನ ಮನೆಯಲ್ಲೇ ಮಲಗುತ್ತಿದ್ದಳು. ಅವಳನ್ನು ಕರೆದುಕೊಂಡು ಹೋಗಿ, ಅಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ ಎಂದು ಹೇಳಿದರು. ಮಗು ಹಿಂದಿನ ಕೋಣೆಯ ಬಾಗಿಲು ತಳ್ಳಲು ಹೋದಾಗ ಅಜ್ಜಿಗೆ ಗಾಬರಿ. ಬಾಯಿಗೆ ಬಂದದ್ದು ಆ ಒಂದು ಮಾತು: “ಹೋಗಬೇಡ, ಅಲ್ಲಿ ಗುಮ್ಮ ಇದೆ.” ಗಾಬರಿಯಲ್ಲಿ ಹುಟ್ಟಿದ ಸುಳ್ಳು ನಾಲ್ಕು ದಿನದಲ್ಲಿ ಊಟ ಮಾಡಿಸುವ ಉಪಾಯವಾಯಿತು.

ಒಳಗಿದ್ದವಳಿಗೆ ಅದೆಲ್ಲ ಕೇಳಿಸುತ್ತಿತ್ತು. ಕೆಮ್ಮು ಬಂದರೆ ದಿಂಬಿನಲ್ಲಿ ಮುಖ ಹುದುಗಿಸುತ್ತಿದ್ದಳು. ಚೊಂಬು ಇಡುವಾಗ ಸದ್ದಾಗದಿರಲಿ ಎಂದು ಕೆಳಗೆ ಬಟ್ಟೆ ಹಾಸಿಕೊಂಡಿದ್ದಳು. ತನ್ನ ಮನೆಯಲ್ಲಿ ತಾನೇ ಕಳ್ಳಿಯ ಹಾಗೆ ಉಸಿರಾಡುತ್ತಿದ್ದಳು. ಹಿತ್ತಲ ಕಡೆಯ ಕಿಟಕಿಗೆ ನಾನು ಹೋದರೆ ಮಾತ್ರ ಪಿಸುಮಾತಿನಲ್ಲಿ ಎರಡು ಮಾತು.

“ದೊಡ್ಡಮ್ಮ, ಕೈಯಿಂದ ಮುಟ್ಟಿ ನೋಡ್ಕೊಂಡ್ರೆ ಇದು ನಂದಲ್ಲ ಅನ್ಸುತ್ತೆ,” ಎಂದಳು ಒಮ್ಮೆ. “ಯಾರದೋ ಮುಖಾನ ನನಗೆ ಅಂಟಿಸಿ ಕಳಿಸಿಬಿಟ್ಟಿದಾರೆ. ನನ್ನದು ಆ ಶೆಡ್ಡಲ್ಲೇ ಎಲ್ಲೋ ಬಿದ್ದಿದೆ.”

ಕಿಟಕಿಯ ಸರಳಿನೊಳಗೆ ಕೈ ತೂರಿಸಿ ಅವಳ ತಲೆ ಸವರಿದೆ.

ಅವಳ ಗಂಡ, ಅಂದರೆ ಪುಟ್ಟಿಯ ಅಪ್ಪ, ಬಸ್ ನಿಲ್ದಾಣದ ಹತ್ತಿರ ಸಲೂನ್ ಇಟ್ಟಿದ್ದಾನೆ. ಒಳ್ಳೆಯವನು. ಕುಡಿಯುವವನಲ್ಲ, ಹೊಡೆಯುವವನಲ್ಲ. ಆದರೆ ಮನೆಯ ಕನ್ನಡಿಯನ್ನು ಅವನೇ ಸದ್ದಿಲ್ಲದೆ ಅಂಗಡಿಗೆ ಸಾಗಿಸಿದ. ರಾತ್ರಿ ಪುಟ್ಟಿ ಮಲಗಿದ ಮೇಲೆ ಹೆಂಡತಿಗೆ ತಟ್ಟೆ ಕೊಡುವಾಗ ಗೋಡೆಯ ಗಡಿಯಾರ ನೋಡುತ್ತ ಕೊಡುತ್ತಿದ್ದ. ಗಡಿಯಾರ ಎಂದೋ ಕೆಟ್ಟು ನಿಂತಿತ್ತು.

ಸುಟ್ಟ ಗಾಯದ ವಾರ್ಡಿನಿಂದ ವಾರಕ್ಕೊಮ್ಮೆ ಒಬ್ಬ ನರ್ಸಮ್ಮ ಮನೆಗೆ ಬರುತ್ತಿದ್ದಳು. ದಪ್ಪ ಕನ್ನಡಕ, ದೊಡ್ಡ ಚೀಲ, ಅದಕ್ಕಿಂತ ದೊಡ್ಡ ದನಿ. ಒಂದು ದಿನ ಚೀಲದಿಂದ ಮೈಬಣ್ಣದ ಬಿಗಿಬಟ್ಟೆಯ ಮುಖವಾಡ ತೆಗೆದಳು. ಕಣ್ಣಿಗೆ, ಮೂಗಿಗೆ, ಬಾಯಿಗೆ ತೂತು. ಹಿಂದೆ ಕಟ್ಟಿಕೊಳ್ಳುವ ಪಟ್ಟಿ.

ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. “ಅಯ್ಯಯ್ಯೋ, ಇದೇನು ನರ್ಸಮ್ಮ! ಬ್ಯಾಂಕ್ ದೋಚೋರು ಹಾಕ್ಕೊಳೋ ಥರ ಇದೆ.”

“ದೋಚೋರಿಗೆ ಇಷ್ಟು ಅಳತೆ ತಗೊಂಡು ಯಾರೂ ಹೊಲಿಯಲ್ಲ ಅಜ್ಜಿ,” ಎಂದು ನರ್ಸಮ್ಮ ನಕ್ಕಳು. “ಸುಟ್ಟ ಚರ್ಮ ವಾಸಿಯಾಗ್ತಾ ಉಬ್ಬುತ್ತೆ, ಎಳೀತಾ ಹೋಗುತ್ತೆ. ಈ ಬಟ್ಟೆ ಅದನ್ನ ಒತ್ತಿ ಹಿಡಿದು ಮೆತ್ತಗೆ ಇಡುತ್ತೆ. ಊಟ, ಸ್ನಾನ, ಎಣ್ಣೆ ತಿಕ್ಕೋ ಹೊತ್ತು ಬಿಟ್ರೆ ಹಗಲೂ ರಾತ್ರಿ ಹಾಕ್ಕೊಂಡಿರಬೇಕು. ಒಂದು ವರ್ಷ ಆಗಬಹುದು, ಹೆಚ್ಚೂ ಆಗಬಹುದು. ಡಾಕ್ಟ್ರು ಸಾಕು ಅನ್ನೋ ತನಕ.”

“ಇದನ್ನ ಹಾಕಿದ್ರೆ ಮುಖ ಮುಂಚಿನ ಥರ ಆಗುತ್ತಾ?”

“ಇಲ್ಲ. ಸುಳ್ಳು ಹೇಳಲ್ಲ. ಆದ್ರೆ ಹಾಕ್ಕೊಳ್ಳದಿದ್ರೆ ಇನ್ನೂ ಹದಗೆಡುತ್ತೆ.” ನರ್ಸಮ್ಮ ಸೊಸೆಯ ಗದ್ದ ಹಿಡಿದು ಮೇಲೆತ್ತಲು ನೋಡಿದಳು. ಗದ್ದ ಮೇಲೇಳಲಿಲ್ಲ. ದನಿ ಇಳಿಸಿದಳು. “ಏನಮ್ಮ ಇದು? ಹೋದ ಸಲಕ್ಕಿಂತ ಬಿಗಿಯಾಗಿದೆ. ಹೇಳಿಕೊಟ್ಟ ವ್ಯಾಯಾಮ ಮಾಡ್ತಿಲ್ವಾ? ಬಾಯಿ ದೊಡ್ಡದಾಗಿ ತೆಗೆದು ‘ಆ’ ಅನ್ನು, ‘ಈ’ ಅನ್ನು. ಪ, ಬ, ಮ ಅಂತ ಗಟ್ಟಿಯಾಗಿ ಹೇಳು, ತುಟಿಗೆ ತುಟಿ ಮುಟ್ಟಬೇಕು. ಕತ್ತು ಎತ್ತಿ ಸೂರು ನೋಡು. ಮಾಡಿ ತೋರ್ಸು, ನೋಡೋಣ.”

ಸೊಸೆ ಬಾಯಿ ತೆರೆಯಲಿಲ್ಲ. ಬಾಗಿಲ ಕಡೆ ಕಣ್ಣು ಹಾಯಿಸಿದಳು. ಆಚೆ ಬೀದಿ ಜಗಲಿಯಲ್ಲಿ ಪುಟ್ಟಿ ಬೊಂಬೆಯ ಜೊತೆ ಮಾತಾಡುತ್ತಿದ್ದಳು.

ನರ್ಸಮ್ಮನಿಗೆ ಆಗ ಅರ್ಥವಾಯಿತು. ಗುಮ್ಮನ ಕಥೆಯೆಲ್ಲ ಕೇಳಿ ಹಣೆ ಒತ್ತಿಕೊಂಡಳು.

“ಅಜ್ಜಿ, ನೀವು ಇವಳನ್ನ ಬರೀ ಬಚ್ಚಿಟ್ಟಿಲ್ಲ. ಸದ್ದು ಮಾಡಬಾರ್ದು ಅಂತ ಇವಳು ಬಾಯೇ ತೆಗೀತಿಲ್ಲ. ಹೀಗೇ ಬಿಟ್ರೆ ತುಟಿ ಮೂಲೆ ಎಳ್ಕೊಂಡು ಬಾಯಿ ತುತ್ತು ಹೋಗದಷ್ಟು ಚಿಕ್ಕದಾಗುತ್ತೆ. ಗದ್ದ ಎದೆಗೆ ಅಂಟುತ್ತೆ. ಆಮೇಲೆ ಕುಯ್ದು ಬಿಡಿಸಬೇಕು. ಮಗೂಗೆ ನಿಜ ಹೇಳಿ.”

“ನಿಮಗೇನಮ್ಮ, ಹೇಳಿ ಹೊರಟುಬಿಡ್ತೀರಿ,” ಎಂದಳು ಅಜ್ಜಿ. “ಎದುರು ಮನೆ ಮಗೂಗೆ ಜ್ವರ ಬಂದಿದ್ದನ್ನ ನಾನು ನೋಡಿದೀನಿ. ನಮ್ಮ ಕೂಸು ಹೆದರಿ ಏನಾದ್ರೂ ಮಾಡ್ಕೊಂಡ್ರೆ? ಮಗೂ ಹೋಗಿ, ಇವಳೂ ಹೋದ್ರೆ? ನನಗೆ ಇಬ್ಬರೂ ಬೇಕು.”

“ಜ್ವರ ಮುಖ ನೋಡಿದ್ದಕ್ಕೆ ಬರಲ್ಲ. ಕಲೆ ಯಾರಿಗೂ ಅಂಟಲ್ಲ. ಮಕ್ಕಳು ಹೆದರೋದು ನಿಜ. ಅದಕ್ಕೇ ಒಂದೇ ಸಲಕ್ಕೆ ಮುಂದೆ ತಂದು ನಿಲ್ಲಿಸಬಾರ್ದು. ಅಮ್ಮಂಗೆ ಸುಟ್ಟಿದೆ, ಮುಖ ಬೇರೆ ಥರ ಆಗಿದೆ ಅಂತ ಮೊದಲು ಹೇಳಿ. ಆಮೇಲೆ ದನಿ ಕೇಳಲಿ, ಕೈ ಮುಟ್ಟಲಿ, ಮುಖವಾಡ ನೋಡಲಿ. ಮುಖ ಕೊನೇಲಿ, ಅದೂ ಮಗು ಬೇಕು ಅಂದಾಗ.”

ನರ್ಸಮ್ಮ ಹೋದ ಮೇಲೆ ಅಗುಳಿ ಮತ್ತೆ ಬಿತ್ತು. ಸೊಸೆ ಮುಖವಾಡವನ್ನು ದಿಂಬಿನಡಿ ತುರುಕಿದಳು. ಕಿಟಕಿಯಲ್ಲಿ ನನಗೆ ಹೇಳಿದಳು, “ಇದನ್ನ ಹಾಕ್ಕೊಂಡ್ರೆ ನಾನು ನಿಜವಾಗ್ಲೂ ಗುಮ್ಮನೇ, ದೊಡ್ಡಮ್ಮ.” ದೊಡ್ಡಮ್ಮ ಎಂಬ ಮಾತು ಅವಳ ಬಾಯಲ್ಲಿ ಸರಿಯಾಗಿ ಹೊರಡಲಿಲ್ಲ. ತುಟಿ ಕೂಡುತ್ತಿರಲಿಲ್ಲ.

ಕೆಲವು ದಿನ ಕಳೆದವು. ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಅಜ್ಜಿ ಕೊಡ ಹಿಡಿದು ಬೀದಿ ತುದಿಯ ನಲ್ಲಿಗೆ ಹೋದಳು. ಪುಟ್ಟಿ ಆಡುತ್ತಿದ್ದಳು, ಈಗ ಬಂದೆ ಎಂದು ಬೀದಿ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದಳು. ನಲ್ಲಿಯ ಮುಂದೆ ಸಾಲು ಉದ್ದ ಇತ್ತು. ಅಷ್ಟರಲ್ಲಿ ಕರೆಂಟು ಹೋಯಿತು.

ಮುಂದಿನದನ್ನು ಸೊಸೆಯೇ ನನಗೆ ಹೇಳಿದ್ದು. ಸ್ವಲ್ಪ ಗೋಡೆಯ ಈಚೆಯಿಂದ ನಾನೂ ಕೇಳಿಸಿಕೊಂಡೆ.

ಕತ್ತಲಾದ ಕೂಡಲೇ ಪುಟ್ಟಿಯ ಆಟದ ಸದ್ದು ನಿಂತಿತು. ಆಮೇಲೆ ಬಾಗಿಲಿಗೆ ತೀರ ಹತ್ತಿರದಲ್ಲಿ ಸಣ್ಣ ದನಿ.

“ಗುಮ್ಮಾ… ನಾನು ಮಧ್ಯಾಹ್ನ ಪೂರ್ತಿ ತಿಂದಿದೀನಿ. ಬರಬೇಡ.”

ತಾಯಿ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡಳು.

“ನಾಳೇನೂ ತಿಂತೀನಿ. ತಟ್ಟೆ ನೆಕ್ಕಿಬಿಡ್ತೀನಿ. ಅಜ್ಜಿ ಬರೋ ತನಕ ಬರಬೇಡ, ಆಯ್ತಾ?”

ತಾಯಿ ಗೋಡೆಗೆ ಒರಗಿ ಉಸಿರು ಕಟ್ಟಿ ನಿಂತಳು. ಸುಮ್ಮನಿದ್ದರೆ ಮಗು ಕತ್ತಲೆಗೆ ಹೆದರುತ್ತದೆ, ಮಾತಾಡಿದರೆ ಗುಮ್ಮನಿಗೆ ಹೆದರುತ್ತದೆ. ಅಷ್ಟರಲ್ಲಿ ಸ್ಟೂಲು ಎಳೆದ ಸದ್ದು ಬಂತು. ಒಲೆಯ ಕಟ್ಟೆಯ ಮೇಲೆ ಡಬ್ಬಿ ಉರುಳಿತು. ಆಮೇಲೆ ಒಂದು ಗೀರು. ಮತ್ತೊಂದು ಗೀರು.

ಮೇಣದ ಬತ್ತಿಯ ಜೊತೆಯಲ್ಲೇ ಬದುಕಿದವಳಿಗೆ ಆ ಸದ್ದು ಬೇರೆ ಹೇಳಿಕೊಡಬೇಕೆ? ಬೆಂಕಿಕಡ್ಡಿ. ಬಾಗಿಲ ಕೆಳಗಿನ ಸಂದಿಯಲ್ಲಿ ಹಳದಿ ಬೆಳಕು ಚಿಮ್ಮಿ ನಡುಗಿತು. ಮಗು ಕಡ್ಡಿ ಹಚ್ಚಿತ್ತು. ಅವಳು ಬಾಗಿಲನ್ನು ಎಳೆದಳು. ಆಚೆಯಿಂದ ಅಗುಳಿ. ಕಿರುಚಲು ಬಾಯಿ ತೆರೆದಳು, ತಡೆದುಕೊಂಡಳು. ಗುಮ್ಮ ಕಿರುಚಿದರೆ ಮಗು ಉರಿಯುವ ಕಡ್ಡಿಯನ್ನು ಮೈಮೇಲೇ ಬೀಳಿಸಿಕೊಳ್ಳುತ್ತದೆ. ತನ್ನ ಮುಖದ ಮೇಲೆ ಬಿದ್ದದ್ದು ಈಗ ಮಗಳ ಮೇಲೆ ಬೀಳುವುದಕ್ಕೆ ಒಂದು ಉಸಿರಿನಷ್ಟೇ ದೂರ.

ನೆಲಕ್ಕೆ ಮಲಗಿ, ಸಂದಿಗೆ ಬಾಯಿ ಇಟ್ಟು, ಮುಂಚೆ ದಿನಾ ತುತ್ತು ಕೊಡುವಾಗ ಕರೆಯುತ್ತಿದ್ದ ಹಾಗೆ ಕರೆದಳು.

“ಕಂದಾ… ಊದು. ಊದಿ ಆರ್ಸು, ಕಂದಾ. ನನ್ನ ಚಿನ್ನ, ಊದು.”

ಬೆಳಕು ಹಾಗೇ ನಿಂತಿತು. ನಡುಗಿತು. ಆಮೇಲೆ ‘ಫೂ’ ಎಂಬ ಸದ್ದು. ಕತ್ತಲೆ.

ಆ ಕತ್ತಲೆಯಲ್ಲಿ ಮಗು ಕೇಳಿತು, “ಅಮ್ಮಾ?”

“ಹೂಂ.”

“ಗುಮ್ಮ ನಿನ್ನ ನುಂಗ್ತಾ?”

ತಾಯಿ ಬಾಗಿಲ ಕೆಳಗಿನಿಂದ ಬಲಗೈಯನ್ನು ಎಷ್ಟು ಸಾಧ್ಯವೋ ಅಷ್ಟು ಹೊರಗೆ ಚಾಚಿದಳು. ಎರಡು ಬೆರಳನ್ನು ನೆಲದ ಮೇಲೆ ನಡೆಸಿದಳು, ಟಕ್ ಟಕ್ ಟಕ್ ಎಂದು, ಗೊಂಬೆ ನಡೆದು ಬರುವ ಹಾಗೆ. ಮುಂಚೆ ಊಟದ ಹೊತ್ತಿಗೆ ಆ ಬೆರಳಗೊಂಬೆ ತಟ್ಟೆಯ ಸುತ್ತ ನಡೆಯುತ್ತಿತ್ತು. ಮಗುವಿಗೆ ಅದು ಕಾಣಲಿಲ್ಲ, ಕೇಳಿಸಿತು. ತಡಕಾಡುತ್ತ ಬಂದು ಕೈಯನ್ನು ಮುಟ್ಟಿತು. ಬತ್ತಿಯ ದಾರ ಎಳೆದೆಳೆದು ತೋರುಬೆರಳಲ್ಲಿ ಬಿದ್ದಿದ್ದ ಗೀರನ್ನು ತಡವಿತು. ಆಮೇಲೆ ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿತು.

ಗೋಡೆಯ ಈಚೆ ನನಗೆ ದನಿ ಕೇಳಿ, ಟಾರ್ಚು ಹಿಡಿದು ಹೊರಬಂದೆ. ಅಜ್ಜಿಯೂ ಕೊಡ ಚೆಲ್ಲಿಕೊಂಡು ಓಡಿಬಂದಳು. ಚಿಲಕ ತೆಗೆದು ಟಾರ್ಚು ಬಿಟ್ಟರೆ, ಮಗು ನೆಲದಲ್ಲಿ ಬೋರಲಾಗಿ ಮಲಗಿತ್ತು. ಪಕ್ಕದಲ್ಲಿ ಬೆಂಕಿಪೊಟ್ಟಣ, ಅರ್ಧ ಸುಟ್ಟ ಕಡ್ಡಿ. ಅಜ್ಜಿಯ ಎದೆ ಒಡೆದು ಹೋಯಿತೆಂದೇ ನಾನು ತಿಳಿದೆ. ಆದರೆ ಮಗು ತಲೆ ಎತ್ತಿತು.

“ಅಜ್ಜಿ, ಬೇಗ ಬಾಗಿಲು ತೆಗಿ. ಗುಮ್ಮ ಅಮ್ಮನ್ನ ನುಂಗಿಬಿಟ್ಟಿದೆ. ಕೈ ಮಾತ್ರ ಹೊರಗಿದೆ. ನಾನು ಹಿಡ್ಕೊಂಡಿದೀನಿ.”

ಅಜ್ಜಿ ಅಗುಳಿಗೆ ಕೈ ಹಾಕಿದಳು.

“ತೆಗೀಬೇಡಿ ಅತ್ತೆ,” ಒಳಗಿನಿಂದ ಸೊಸೆ. “ಇವತ್ತು ಬೇಡ. ಕೈ ಹಿಡ್ಕೊಂಡಿದಾಳೆ, ಇವತ್ತಿಗೆ ಅಷ್ಟು ಸಾಕು.”

ಅಜ್ಜಿ ಅಲ್ಲೇ ಕೂತು ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. ಪುಟ್ಟಿ ಮಾತ್ರ ಕೈ ಬಿಡಲಿಲ್ಲ.

“ಗುಮ್ಮ ಇಲ್ಲ ಕಣೇ ಪುಟ್ಟಿ. ನಾನು ಸುಳ್ಳು ಹೇಳ್ದೆ. ಅಲ್ಲಿರೋಳು ನಿಮ್ಮಮ್ಮನೇ. ಅವಳಿಗೆ ಸುಟ್ಟು ಮುಖ ಬೇರೆ ಥರ ಆಗಿದೆ. ನೀನು ಹೆದರ್ತೀಯ ಅಂತ ನಾನೇ ಹೆದರಿದೆ.”

“ಹಾಗಾದ್ರೆ ಕೆಮ್ಮಿದ್ದು ಅಮ್ಮನಾ?”

“ಹೂಂ.”

“ಔಷಧಿ ಕೊಟ್ಯಾ?”

ಅಜ್ಜಿ ಅತ್ತಳು. ನಾನು ಟಾರ್ಚು ಆರಿಸಿದೆ. ಕೆಲವು ಅಳುವಿಗೆ ಬೆಳಕು ಬೇಡ.

ಮಾರನೆಯ ದಿನ ನಾನೇ ಹೋಗಿ ನರ್ಸಮ್ಮನನ್ನು ಕರೆತಂದೆ. ಅವಳು ಹೇಳಿದ ಹಾಗೆಯೇ ಮಾಡಿದರು. ಮೊದಲು ಬಾಗಿಲು ಅರ್ಧ ತೆರೆಯಿತು, ಆಚೆಗೊಬ್ಬಳು, ಈಚೆಗೊಬ್ಬಳು, ನಡುವೆ ಮಾತು. ‘ಆ’, ‘ಈ’, ಪ, ಬ, ಮ ಎಲ್ಲ ಈಗ ಗಟ್ಟಿಯಾಗಿ ಕೇಳಿಸತೊಡಗಿದವು. ಪುಟ್ಟಿಯೂ ಜೊತೆಗೆ ಕೂಗುತ್ತಿದ್ದಳು, ಅಮ್ಮನಿಗಿಂತ ದೊಡ್ಡ ಬಾಯಿ ತೆಗೆದು.

ಮುಖವಾಡದ ದಿನ ಬಂದಾಗ ಪುಟ್ಟಿಯ ಅಪ್ಪ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ. ನರ್ಸಮ್ಮ ಅವನನ್ನು ಬಿಡಲಿಲ್ಲ.

“ದಿನಾ ಎಷ್ಟು ಜನರ ಮುಖ ತಿಕ್ತೀಯಪ್ಪ ನೀನು? ಕುರು, ಗಾಯ, ಕಲೆ, ಎಲ್ಲದರ ಮೇಲೂ ಕೈ ಆಡ್ಸ್ತೀಯ. ಹೆಂಡತಿ ಮುಖಕ್ಕೆ ಮಾತ್ರ ಯಾಕೆ ಕೈ ನಡುಗುತ್ತೆ? ಗಾಯ ಮಾಗಿದೆ. ಇನ್ನು ಎಣ್ಣೆ ಹಾಕಿ ಒತ್ತಿ ತಿಕ್ಕಬೇಕು, ದಿನಾ. ಅದಕ್ಕೆ ನಿನ್ನಷ್ಟು ಪಳಗಿದ ಕೈ ನಮ್ಮ ವಾರ್ಡಲ್ಲೂ ಇಲ್ಲ.”

ಅವನು ಮುಖವಾಡವನ್ನು ತನ್ನ ಮುಖಕ್ಕೇ ಏರಿಸಿಕೊಂಡ. ಹೆಂಡತಿಯ ಅಳತೆಯದು, ಅವನ ಮೂಗು ಚಪ್ಪಟೆಯಾಗಿ ಮೀಸೆ ತೂತಿನಿಂದ ಆಚೆ ಬಂತು. ಪುಟ್ಟಿ ಬಿದ್ದು ಬಿದ್ದು ನಕ್ಕಳು. ಒಳಗಿನಿಂದ ಅವಳಮ್ಮನ ನಗುವೂ ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಕೇಳಿಸಿದ ನಗು. ಆಮೇಲೆ ಅವನು ಅದನ್ನು ಕಳಚಿ, ಒಳಗೆ ಹೋಗಿ, ಮೊದಲ ಸಲ ಗಡಿಯಾರ ನೋಡದೆ ಹೆಂಡತಿಯ ಮುಂದೆ ಕೂತ.

ಮುಖ ನೋಡುವ ದಿನವನ್ನು ಪುಟ್ಟಿಯೇ ಗೊತ್ತು ಮಾಡಿದಳು. “ಇವತ್ತು ನೋಡ್ತೀನಿ” ಎಂದಳು. ತಾಯಿಯ ಕೈಯನ್ನು ನಾನು ಹಿಡಿದಿದ್ದೆ. ಅವಳು ಮುಖವಾಡ ತೆಗೆದಳು.

ಪುಟ್ಟಿ ಚೀರಲಿಲ್ಲ. ಅಜ್ಜಿಯ ಹಿಂದೆ ಹೋಗಿ ನಿಂತಳು. ಅಲ್ಲಿಂದ ಒಂದು ಕಣ್ಣು ಮಾತ್ರ ಹೊರಗಿಟ್ಟು ನೋಡಿದಳು.

“ಮೇಣ ಅಂಟಿದೆ,” ಎಂದಳು ಕೊನೆಗೆ. “ನಾನು ತೆಗೀಲಾ?”

“ಇದು ಮೇಣ ಅಲ್ಲ ಕಂದಾ,” ತಾಯಿ ನಿಧಾನವಾಗಿ ಹೇಳಿದಳು. “ತೆಗೆಯೋಕೆ ಬರಲ್ಲ. ಇನ್ಮೇಲೆ ಇದೇ ನನ್ನ ಮುಖ.”

ನನ್ನ ಮುಖ ಎಂದಳು. ಬೇರೆ ಯಾರದೋ ಅಂದವಳ ಬಾಯಲ್ಲಿ ಆ ಮಾತು ಅಂದೇ ಮೊದಲು ಬಂತು. ಮ ಕೂಡ ಸರಿಯಾಗಿಯೇ ಬಂತು.

ಎಲ್ಲ ಅಂದೇ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ರಾತ್ರಿ ಪುಟ್ಟಿ ಅಜ್ಜಿಯ ಹತ್ತಿರವೇ ಮಲಗಿದಳು. ಎರಡು ದಿನ ಅಮ್ಮನ ಕೈಯ ಹತ್ತಿರ ಮಾತ್ರ ಬಂದಳು, ಮುಖದ ಕಡೆ ನೋಡಲಿಲ್ಲ. ಆಮೇಲೆ ಒಂದು ಬೆಳಗ್ಗೆ ನಾನು ಹೋದಾಗ, ಅಪ್ಪ ಎಣ್ಣೆ ತಿಕ್ಕುತ್ತಿದ್ದ, ಪಕ್ಕದಲ್ಲಿ ಪುಟ್ಟಿ ಒಂದು ಪುಟ್ಟ ಬೆರಳಿಗೆ ಎಣ್ಣೆ ಅದ್ದಿಕೊಂಡು ಅಮ್ಮನ ಗದ್ದಕ್ಕೆ ಸವರುತ್ತಿದ್ದಳು. ಬಾಗಿಲ ಅಗುಳಿ ಕಿತ್ತು ತೂತು ಮಾತ್ರ ಉಳಿದಿತ್ತು.

ಕನ್ನಡಿ ಮನೆಗೆ ವಾಪಸ್ಸು ಬಂತು. ಈಗ ಮೇಣದಕ್ಕ ಮುಖವಾಡ ಹಾಕಿಕೊಂಡೇ ಗಂಡನ ಅಂಗಡಿಗೆ ಊಟ ಒಯ್ಯುತ್ತಾಳೆ. ಮೊದಲ ದಿನ ಗಿರಾಕಿಯೊಬ್ಬ ಅವಳನ್ನು ಕಂಡು ಅರ್ಧ ಗಡ್ಡಕ್ಕೇ ಎದ್ದು ಓಡಿದ. ಉಳಿದ ಅರ್ಧಕ್ಕೆ ಮಾರನೆಯ ದಿನ ಬರಲೇಬೇಕಾಯಿತಲ್ಲ! ಅವಳೇ ಕುರ್ಚಿ ತೋರಿಸಿ, “ಕೂತ್ಕೊಳಿ ಅಣ್ಣ, ಇವತ್ತು ಪೂರ್ತಿ ಮಾಡಿಸ್ಕೊಂಡೇ ಹೋಗಿ” ಎಂದಳು. ಶೆಡ್ಡಿಗೂ ಹೋಗಿ ಬಂದಳು. ಒಳಗೆ ಕಾಲಿಡಲು ಇನ್ನೂ ಭಯವಂತೆ. ಹೊರಗೆ ನಿಂತು, ಹುಡುಗಿಯರನ್ನೆಲ್ಲ ಕರೆದು, ತನ್ನ ಹಳೆಯ ಪಾಠಕ್ಕೆ ಇನ್ನೊಂದು ಮಾತು ಸೇರಿಸಿದಳು: “ಪಾತ್ರೆಗೆ ನೀರು ಬೇಡ. ಮೈಗೆ ನೀರು ಬೇಕೇ ಬೇಕು. ನಾನು ಕೂಗಿಕೊಂಡ್ರೂ ಕೇಳಬೇಡಿ, ಹೊರಗೆ ಎಳ್ಕೊಂಡು ಹೋಗಿ ನೀರು ಸುರೀರಿ.” ಶೆಡ್ಡಿನ ಬಾಗಿಲಾಚೆ ಈಗ ಒಂದು ನಲ್ಲಿ ಹಾಕಿಸಿದ್ದಾರೆ.

ನೀವೂ ಆ ಮಾತನ್ನು ಮನೆಗೆ ಒಯ್ಯಿರಿ. ಮೇಣ, ಎಣ್ಣೆ, ಕುದಿನೀರು, ಬೆಂಕಿ, ಯಾವುದರಿಂದ ಸುಟ್ಟರೂ ಒಲೆಯಿಂದ ದೂರ ಕರೆದೊಯ್ದು ಸುಟ್ಟ ಜಾಗದ ಮೇಲೆ ತಣ್ಣನೆಯ ಶುದ್ಧ ನೀರು ಹರಿಯಬಿಡಿ. ಇಪ್ಪತ್ತು ನಿಮಿಷವಾದರೂ ಹರಿಯಲಿ. ಮಂಜುಗಡ್ಡೆ ಬೇಡ. ಅಂಟಿಕೊಂಡಿದ್ದನ್ನು ಕೀಳಬೇಡಿ. ಪೇಸ್ಟು, ಅರಿಸಿನ, ಬೂದಿ, ಶಾಯಿ ಬಳಿಯಬೇಡಿ. ಆಮೇಲೆ ಶುಚಿಯಾದ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಓಡಿ. ಮುಖ ಸುಟ್ಟರಂತೂ ಕ್ಷಣವೂ ಯೋಚಿಸಬೇಡಿ. ಗಾಯ ವಾಸಿಯಾದ ಮೇಲೆ ಡಾಕ್ಟರು ಹೇಳಿದ ಬಿಗಿಬಟ್ಟೆ, ವ್ಯಾಯಾಮ, ಎಣ್ಣೆ ಮೂರನ್ನೂ ನಾಚಿಕೆಗೆ ಬಲಿ ಕೊಡಬೇಡಿ.

ಇನ್ನೊಂದು ಮಾತು, ಅದಕ್ಕೇ ಇಷ್ಟು ದೂರ ಬಂದೆ. ನಿಮ್ಮ ಬೀದಿಯಲ್ಲೂ ಅಗುಳಿ ಹಾಕಿದ ಒಂದು ಕೋಣೆ ಇರಬಹುದು. ಒಳಗಿರುವವರ ಕೆಮ್ಮು ನಿಮಗೂ ಕೇಳಿರಬಹುದು. ನಾಳೆ ಹೋಗಿ ಬಾಗಿಲು ತಟ್ಟಿ, ಹೇಗಿದ್ದೀಯಮ್ಮ ಎಂದು ಕೇಳಿ. ಮುಖ ಕಂಡಾಗ ಎದೆ ಝಲ್ಲೆಂದರೆ ಅನ್ನಲಿ, ಅದು ನಿಮ್ಮ ಕೈಯಲ್ಲಿಲ್ಲ. ತಲೆ ತಿರುಗಿಸದಿರುವುದು ನಿಮ್ಮ ಕೈಯಲ್ಲಿದೆ. ಕಣ್ಣು ನೋಡಿ ಮಾತಾಡಿ. ನಿಮ್ಮ ಮಗು “ಅವರ ಮುಖ ಯಾಕೆ ಹಾಗಿದೆ?” ಎಂದು ಕೇಳಿದರೆ ಬಾಯಿ ಮುಚ್ಚಿಸಬೇಡಿ, ಸುಟ್ಟಿತ್ತು, ಈಗ ವಾಸಿಯಾಗುತ್ತಿದೆ ಎಂದು ಹೇಳಿ.

ನಮ್ಮ ಪಕ್ಕದ ಮನೆಯಲ್ಲಿ ಈಗ ಪುಟ್ಟಿಗೆ ಊಟ ಮಾಡಿಸಲು ಬಹಳ ಹೊತ್ತು ಹಿಡಿಯುತ್ತದೆ. ಹೆದರಿಸಲು ಅಜ್ಜಿಯ ಹತ್ತಿರ ಯಾರೂ ಉಳಿದಿಲ್ಲ. ತುತ್ತು ಆರಿ ತಣ್ಣಗಾಗುತ್ತದೆ, ಎರಡು ಬೆರಳಿನ ಗೊಂಬೆ ತಟ್ಟೆಯ ಸುತ್ತ ನಡೆಯುತ್ತಲೇ ಇರುತ್ತದೆ. ತಣ್ಣಗಾಗಲಿ ಬಿಡಿ. ನಿಮ್ಮ ಮನೆಯಲ್ಲೂ ತಣ್ಣಗಾದರೆ ಆಗಲಿ. ಮಗುವಿನ ಒಂದು ತುತ್ತಿಗಾಗಿ ಯಾವ ಮನುಷ್ಯರನ್ನೂ ಗುಮ್ಮ ಮಾಡಬೇಡಿ.